ಟೋಪನ್ ಕಳ್ಳ ಜೋಸಾಯಾ

ಹ್ಯೂಸ್ಟನ್ ಬಳಿಯ ದ ವುಡ್‌ಲ್ಯಾಂಡ್ಸ್ ಊರಿನ ತನ್ನ ಮನೆ ಮುಂದೆ, ರಸ್ತೆಯಂಚಿನ ಬಡಾವಣೆ ಸಂಘದ ಜಾಗದಲ್ಲಿ ದಾನಪ್ಪ ಬಾಳೆಗಿಡ ನೆಟ್ಟಿದ್ದ. ಪ್ರತಿ ಚಳಿಗಾಲದ ಹಿಮಕ್ಕೂ ಸುಟ್ಟು ಮತ್ತೆ ಚಿಗುರುತ್ತಿದ್ದ ಅದು 2015ರ ಬೇಸಿಗೆಯಲ್ಲಿ ಮೊದಲ ಸಲ ಗೊನೆ ಹಾಕಿತು. ಒಂದು ಶನಿವಾರ ಬೆಳಿಗ್ಗೆಯೇ ಸಂಘದ ಅಧ್ಯಕ್ಷ ವಿಟ್ಲಾಕ್ ಬಂದು ನಿಂತ.

"ಇದು ಹೊಲವಲ್ಲ. ಕಡಿಸುವ ಠರಾವು ಸಂಜೆ ಮೀಟಿಂಗಿಗೆ ಬರುತ್ತೆ. ನಮ್ಮ ವಂಶದ ಮೂಲಪುರುಷ ಜೋಸಾಯಾ ವಿಟ್ಲಾಕ್ ಇನ್ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನಿಂದ ಮೇರಿಲ್ಯಾಂಡಿಗೆ ಬಂದ ಜಂಟಲ್‌ಮನ್. ಅಭಿರುಚಿ ರಕ್ತದಲ್ಲೇ ಬರಬೇಕು!"

ಅವನು ಅತ್ತ ಹೋದದ್ದೇ ದಾನಪ್ಪ ಕಾದ ಎಣ್ಣೆಗೆ ಬಿದ್ದ ಒದ್ದೆ ಮೆಣಸಿನಕಾಯಿಯಂತೆ ಸಿಡಿದ. "ರಕ್ತದ ಮಾತ ಎತ್ತ್ಯಾನ! ಇವನ ಜಂಟಲ್‌ಮನ್ ಯಾರಂತ ಇವತ್ತ ಹುಡುಕಿ ತೆಗೀತೇನಿ."

"ಮೊದಲ ನಾಷ್ಟಾ ಮಾಡ್ರಿ," ಎಂದಳು ಹೆಂಡತಿ ಸುಮಿತ್ರವ್ವ.

ಪಕ್ಕದ ಮನೆಯ ಮೈಸೂರಿನ ವೆಂಕಟಗಿರಿ ಬೇಲಿಯಾಚೆಯಿಂದ ಕತ್ತು ಚಾಚಿದ. "ಸುಮ್ನೆ ಕಡಿದ್ಬಿಡಿ ಸಾರ್. ಬಾಳೆಹಣ್ಣು ಅಂಗಡೀಲೇ ಸಿಗುತ್ತಲ್ಲ?" ದಾನಪ್ಪ ಅವನಿಗೂ ನಾಲ್ಕು ಬೈದು ಕಾರು ಹತ್ತಿದ.

ಹ್ಯೂಸ್ಟನ್ನಿನ ಲೈಬ್ರರಿಯಲ್ಲಿ ಹಳೆಯ ಕೋರ್ಟು ದಾಖಲೆ ಕೆದಕುತ್ತ ಕೂತವನಿಗೆ ಮಧ್ಯಾಹ್ನದ ಹೊತ್ತಿಗೆ ಜೋಸಾಯಾ ಸಿಕ್ಕ. ಎಂಥ ಜಂಟಲ್‌ಮನ್! ಲಂಡನ್ನಿನ ವಕೀಲನೊಬ್ಬನ ತಲೆ ಮೇಲಿನ ಕೃತಕ ಕೂದಲಿನ ಟೋಪನ್ ಹಾರಿಸಿ, ಸಿಕ್ಕಿಬಿದ್ದು ಮೇರಿಲ್ಯಾಂಡಿಗೆ ಗಡೀಪಾರಾದ ಕಳ್ಳ! ದಾನಪ್ಪ ಚಪ್ಪಾಳೆ ತಟ್ಟಿದ. ಎದುರಿನ ಮುದುಕಿ "ಶ್!" ಎಂದಳು.

ಮುಂದೆ ಓದುತ್ತ ಹೋದಂತೆ ಅವನ ಮುಖ ಕಪ್ಪಿಟ್ಟಿತು. "ಹಸಿದಿದ್ದೆ" ಎಂದು ಜೋಸಾಯಾ ಹೇಳಿದಾಗ ಕೋರ್ಟು ನಕ್ಕಿತ್ತು. ಅವನನ್ನು ಸರಪಳಿ ಬಿಗಿದು ಹಡಗಿನ ತಳದಲ್ಲಿ ತಂದು, ಬಾಯಿ ಬಿಡಿಸಿ ಹಲ್ಲು ನೋಡಿ, ಹೊಗೆಸೊಪ್ಪಿನ ತೋಟದವನಿಗೆ ಮಾರಿದ್ದರು. ಓಡಿಹೋದಾಗಲೆಲ್ಲ ಹಿಡಿತಂದು ಚಾಟಿಯಲ್ಲಿ ಬಾರಿಸಿದ್ದರು. ದಾನಪ್ಪನ ಸಿಟ್ಟು ಇಮ್ಮಡಿಯಾಯಿತು. ಯಾರ ಮೇಲೆಂದು ಮಾತ್ರ ಅವನಿಗೇ ತಿಳಿಯಲಿಲ್ಲ.

ಸಂಜೆ ಮೀಟಿಂಗಿನಲ್ಲಿ ವಿಟ್ಲಾಕನ ಮಾನ ಹರಾಜು ಹಾಕಲೆಂದೇ ಎದ್ದು ನಿಂತ. "ನಿಮ್ಮ ಜಂಟಲ್‌ಮನ್ ಟೋಪನ್ ಕಳ್ಳ!" ಎಂದು ಇಂಗ್ಲಿಷಿನಲ್ಲಿ ಶುರುಮಾಡಿದವನು ಹಸಿವು, ಸರಪಳಿ, ಓಡಿಹೋದದ್ದನ್ನೆಲ್ಲ ಹೇಳಿ ಚಾಟಿಯೇಟಿನ ಸುದ್ದಿಗೆ ಬರುವಷ್ಟರಲ್ಲಿ ಮೇಜು ಗುದ್ದುತ್ತ ಹುಬ್ಬಳ್ಳಿ ಕನ್ನಡಕ್ಕೆ ಹೊರಳಿದ್ದ. "ಹಸದವನ್ನ ದನಾ ಮಾರಿಧಂಗ ಮಾರಿದ್ರಲ್ಲೋ! ನಾಚಿಕಿ ಬರಲಿಲ್ಲೇನ?" ಮಾತು ಅರ್ಥವಾಗದವರೂ ಮೂಗು ಒರೆಸಿಕೊಂಡರು.

ವಿಟ್ಲಾಕ್ ಓಡಿಬಂದು ಅವನನ್ನು ತಬ್ಬಿಕೊಂಡ. "ನಮ್ಮ ವಂಶದಲ್ಲಿ ಇಂಥ ಗಟ್ಟಿ ಮನುಷ್ಯ ಇದ್ದನೆಂದು ಯಾರೂ ಹೇಳಿರಲಿಲ್ಲ. ಆ ಠರಾವು ಇಲ್ಲಿಗೇ ರದ್ದು!"

ದಾನಪ್ಪ ನಿಟ್ಟುಸಿರು ಬಿಡುವಷ್ಟರಲ್ಲಿ ವೆಂಕಟಗಿರಿ ಎದ್ದ. "ಆ ಮಹಾನುಭಾವನಿಗೊಂದು ಸ್ಮಾರಕ ಆಗಲೇಬೇಕು. ಅದೂ ಹುಡುಕಿಕೊಟ್ಟ ದಾನಪ್ಪನವರ ಮನೆ ಮುಂದೆಯೇ!"

ಇಡೀ ಸಭೆ ಕೈಯೆತ್ತಿತು. ವೆಂಕಟಗಿರಿ ಬಗ್ಗಿ ಕಿವಿಯಲ್ಲಿ ಹೇಳಿದ: "ಅಲ್ಲಿರೋದೇ ಒಂದು ಜಾಗ ಸಾರ್, ಬಾಳೆಗಿಡದ್ದು."

ಬೇಡವೆನ್ನಲು ಬಾಯಿ ತೆರೆದ ದಾನಪ್ಪನಿಗೆ ಸುತ್ತಲಿನ ಒದ್ದೆ ಕಣ್ಣುಗಳು ಕಂಡವು. ತಾನೂ ಕೈಯೆತ್ತಿದ.

"ನಾಳೆ ಬೆಳಿಗ್ಗೆ ಗುಂಡಿ ತೋಡೋಣ," ಎಂದ ವಿಟ್ಲಾಕ್. "ಮೊದಲ ಏಟಿನ ಗೌರವ ನಿಮ್ಮದೇ!"

ಸುಮಿತ್ರವ್ವ ಬಾಗಿಲಲ್ಲೇ ಕಾಯುತ್ತಿದ್ದಳು. "ಗೆದ್ರೇನ್ರಿ?"

"ಎಲ್ಲಾರೂ ಎದ್ದು ನಿಂತ ಚಪ್ಪಾಳಿ ಹೊಡದ್ರು," ಎಂದು ಗುಡುಗಿ, ದಾನಪ್ಪ ಗುದ್ದಲಿ ಹುಡುಕಲು ಗ್ಯಾರೇಜಿಗೆ ಹೋದ.