ಇನ್ಸ್‌ಪಿರೇಷನ್ ಬಟನ್ ಅವರಿಗೆ, ನಮ್ಮ ಸುಟ್ಟ ಮನೆಯ ವಿಚಾರವಾಗಿ

ಮಾನ್ಯ ಇನ್ಸ್‌ಪಿರೇಷನ್ ಬಟನ್ ಅವರೇ,

ಲ್ಯಾಪ್‌ಟಾಪಿನ ಪರದೆಯ ಬಲಮೂಲೆಯಲ್ಲಿ ಹಳದಿ ಬಲ್ಬಿನ ರೂಪದಲ್ಲಿ ಸದಾ ಮಿಣುಕುತ್ತಾ, ಕರೆದರೂ ಕರೆಯದಿದ್ದರೂ ಸಲಹೆ ದಯಪಾಲಿಸುವ ತಮ್ಮ ಸನ್ನಿಧಾನಕ್ಕೆ ಜಗಳೂರು ತಾಲ್ಲೂಕಿನ ಗಂಗೋತ್ರಿ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸಿದ್ದೇನೆ. ಈಚಿನ ಅಪ್‌ಡೇಟ್ ಆದ ಮೇಲೆ ತಮ್ಮ ಮಿಣುಕು ಇನ್ನೂ ಜೋರಾಗಿರುವುದನ್ನು ನೋಡಿದರೆ ಆರೋಗ್ಯ ವಿಚಾರಿಸುವ ಅಗತ್ಯವೇ ಕಾಣುವುದಿಲ್ಲ. ತಮಗೆ ಖಾಸಗಿಯಾಗಿ ಬರೆಯಬೇಕೆಂದೇ ನನ್ನ ಆಸೆಯಿತ್ತು. ಆದರೆ ‘ನಮ್ಮನ್ನು ಸಂಪರ್ಕಿಸಿ’ ಎಂಬಲ್ಲಿ ಒತ್ತಿದರೆ ತಮ್ಮ ಕಂಪನಿಯವರು ನಾನು ಪ್ರಶ್ನೆ ಕೇಳುವ ಮೊದಲೇ ‘ನಿಮ್ಮ ಸಮಸ್ಯೆ ಬಗೆಹರಿಯಿತೇ?’ ಎಂದು ವಿಚಾರಿಸಿ, ಹೌದು ಎಂದು ಅವರೇ ಟಿಕ್ ಹಾಕಿಕೊಂಡು ಬಾಗಿಲು ಮುಚ್ಚುವುದರಿಂದ, ವಿಧಿಯಿಲ್ಲದೆ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಇದರಿಂದ ಬೇಜಾರಾದರೆ ಸಾರಿ.

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಇಂಟೀರಿಯರ್ ಡಿಸೈನ್ ಓದುತ್ತಿರುವ ಮೊದಲ ವರ್ಷದ ವಿದ್ಯಾರ್ಥಿನಿ. ನಮಗೆ ಪಾಠ ಮಾಡುವ ಪ್ರಸನ್ನಕುಮಾರ್ ಸರ್ ಈ ಸಲ ರಟ್ಟು ಕತ್ತರಿಸಿ ಗಮ್ಮು ಹಚ್ಚಿ ಮಾಡೆಲ್ ಮಾಡುವ ಹಳೇ ಪದ್ಧತಿ ಕೈಬಿಟ್ಟು, ತಾವು ವಾಸವಾಗಿರುವ ‘ಹ್ಯಾಪಿ ಗಲ್ಲಿ’ ಎಂಬ ಆಟದಲ್ಲೇ ಎಲ್ಲರೂ ಒಂದೊಂದು ಕ್ರಿಯೇಟಿವ್ ಮನೆ ಕಟ್ಟಬೇಕೆಂದು ಆಜ್ಞಾಪಿಸಿದರು. ಆ ಆಟದಲ್ಲಿ ಪುಟ್ಟ ಪುಟ್ಟ ಮನುಷ್ಯರು ಇರುತ್ತಾರೆ; ನಾವು ಕಟ್ಟಿಕೊಟ್ಟ ಮನೆಯಲ್ಲಿ ಉಣ್ಣುತ್ತಾರೆ, ಮಲಗುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಮನೆ ಹಿಡಿಸದಿದ್ದರೆ ಅಳುತ್ತಾರೆ. ಇದೆಲ್ಲ ತಮಗೆ ಗೊತ್ತು, ಓದುವವರಿಗಾಗಿ ಹೇಳಿದೆ. ಸರ್ ಹಾಕಿದ ಕಂಡೀಷನ್ ಒಂದೇ. ಐದು ಜನರ ಸಂಸಾರ ಆ ಮನೆಯಲ್ಲಿ ಬಾಳಬೇಕು, ಹೊರಗಿನವರು ಬಂದು ಮಾರ್ಕ್ಸ್ ಹಾಕುವ ಜ್ಯೂರಿಯ ದಿನ ಐವರ ತಲೆಯ ಮೇಲಿರುವ ಮನಸ್ಸಿನ ಪಟ್ಟಿಯೂ ಹಸಿರಾಗಿರಬೇಕು. ಒಬ್ಬರದು ಕೆಂಪಾಗಿದ್ದರೂ ಫೇಲ್, ಅಂದರೆ ಬ್ಯಾಕ್‌ಲಾಗ್. ಬ್ಯಾಕ್‌ಲಾಗ್ ಬಿದ್ದವರಿಗೆ ನಮ್ಮ ಹಾಸ್ಟೆಲ್‌ನಲ್ಲಿ ಸೀಟು ಮುಂದುವರಿಸುವುದಿಲ್ಲ, ಸೀಟು ಹೋದರೆ ನನ್ನ ಓದೂ ಅದರ ಹಿಂದೆಯೇ ಹೋಗುತ್ತದೆ. ಇದು ನಾನು ಟೆನ್ಷನ್‌ನಲ್ಲಿ ಕಲ್ಪಿಸಿಕೊಂಡಿದ್ದಲ್ಲ, ವಾರ್ಡನ್ ಮೇಡಂ ಊಟದ ಹಾಲ್‌ನಲ್ಲಿ ಬೋರ್ಡಿನ ಮೇಲೆ ಬರೆಸಿದ್ದಾರೆ, ಉಣ್ಣುವಾಗೆಲ್ಲ ಕಾಣುತ್ತದೆ.

ನಾನು ಯಜಮಾನ ಗೋಣೆಪ್ಪ, ಅವನ ಹೆಂಡತಿ ಗಿಡ್ಡಮ್ಮ ಎಂದು ಹೆಸರಿಟ್ಟು, ಮೂರು ಮಕ್ಕಳನ್ನು ಕೊಟ್ಟು, ಕೆಲಸ ಶುರು ಮಾಡಿದೆ. ಇಲ್ಲಿ ತಮಗೊಂದು ಮಾತು ತಿಳಿಸಬೇಕು. ಆರನೇ ಕ್ಲಾಸಿನಿಂದ ನಾನು ಹಾಸ್ಟೆಲ್‌ನಲ್ಲೇ ಬೆಳೆದವಳು, ಮನೆ ಎಂದರೆ ನನಗೆ ರಜೆಯಲ್ಲಿ ಹೋಗಿ ಬರುವ ಜಾಗ. ಹಾಗಾಗಿ ನಾನು ಎಳೆದ ಗೆರೆಯೆಲ್ಲ ಕಾರಿಡಾರ್ ಆಯಿತು, ಮಂಚಗಳು ತಾವಾಗಿಯೇ ಸಾಲಾಗಿ ನಿಂತವು, ನಲ್ಲಿಗಳು ಒಂದೇ ಗೋಡೆಗೆ ಅಂಟಿಕೊಂಡವು. ಬೆಳಗಾಗುತ್ತಲೇ ಗೋಣೆಪ್ಪ ಬಕೆಟ್ ಹಿಡಿದು, ಗಿಡ್ಡಮ್ಮ ತಟ್ಟೆ ಹಿಡಿದು, ತಮ್ಮದೇ ಮನೆಯಲ್ಲಿ ಕ್ಯೂ ನಿಂತರು. ನನ್ನ ರೂಮ್‌ಮೇಟ್, ಚನ್ನಗಿರಿಯ ಸುನೀತಾ, ಹಿಂದಿನಿಂದ ಇಣುಕಿ ನೋಡಿ, “ಏ ಗಂಗಿ, ಇದ್ರಾಗೆ ಹಾಜರಿ ತಗಳ್ಳಾದೊಂದು ಬಾಕಿ ಐತೆ ಕಣೆ” ಎಂದಳು. ಅಷ್ಟು ಹೊತ್ತಿಗೆ ಐವರೂ ಕೆಂಪಾಗಿ ಕಾರಿಡಾರಿನಲ್ಲಿ ಸಾಲಾಗಿ, ಶಿಸ್ತಿನಿಂದಲೇ ಅಳುತ್ತಿದ್ದರು.

ಆಗಲೇ ನಾನು ತಮ್ಮನ್ನು ಮೊದಲ ಬಾರಿಗೆ ಒತ್ತಿದ್ದು. ತಮ್ಮ ಔದಾರ್ಯವನ್ನು ಏನೆಂದು ಹೊಗಳಲಿ. ಹೊಸ ಮನೆಗೆ ಐಡಿಯಾ ಬೇಕು ಎಂದರೆ ‘ಸಮುದ್ರವನ್ನು ಮನೆಯೊಳಕ್ಕೆ ಕರೆಯಿರಿ’ ಎಂದಿರಿ. ಸಮುದ್ರ ಕಂಡವರು ಇದನ್ನು ಸುಲಭವಾಗಿ ಪಾಲಿಸುತ್ತಾರೇನೋ, ಜಗಳೂರಿನವರಾದ ನಾವು ನೀರಿನ ಟ್ಯಾಂಕರನ್ನೇ ಎರಡು ಸಲ ಕರೆಯಬೇಕಾಗುತ್ತದೆ. ಮತ್ತೆ ಒತ್ತಿದರೆ ‘ಹಿಮ ಜಾರುವಂಥ ಚಾವಣಿ’ ಎಂದಿರಿ. ಮತ್ತೂ ಒತ್ತಿದರೆ ‘ಗೋಡೆಗಳೇಕೆ? ಗಾಜು ಇರಲಿ, ಪ್ರಕೃತಿ ಒಳಬರಲಿ’ ಎಂದಿರಿ. ನಮ್ಮ ಕಡೆ ಗೋಡೆ ಕಟ್ಟಿದರೂ ಮೆಕ್ಕೆಜೋಳದ ಸಿಪ್ಪೆ ರವುದಿ, ಕುರಿಮರಿ, ಪಕ್ಕದ ಮನೆಯ ಕೋಳಿ ಎಂಬ ಪ್ರಕೃತಿ ಹೇಳದೆ ಕೇಳದೆ ಒಳಗೆ ಬರುತ್ತದೆ. ಆದರೂ ದೊಡ್ಡವರ ಮಾತು ಮೀರಬಾರದೆಂದು ಇಡೀ ಮನೆಯನ್ನು ಗಾಜಿನಲ್ಲಿ ಕಟ್ಟಿದೆ. ಗಿಡ್ಡಮ್ಮ ಸ್ನಾನ ಮಾಡುವುದನ್ನೇ ನಿಲ್ಲಿಸಿದಳು. ಗೋಣೆಪ್ಪ ಅವಳ ವಾಸನೆಗೆ ಕೆಂಪಾದ, ಅವಳು ಅವನ ಮೂಗು ಮುಚ್ಚಿಕೊಳ್ಳುವಿಕೆಗೆ ಕೆಂಪಾದಳು.

ನಿಜವಾದ ಮನೆಗಳನ್ನು ನೋಡಿದರೆ ಐಡಿಯಾ ಬರಬಹುದು ಎಂದುಕೊಂಡು ಹೊನ್ನಾಳಿಯಲ್ಲಿರುವ ಅನಿತಾ ಅತ್ತೆಯ ಮನೆಗೆ ಬಸ್ ಹತ್ತಿದೆ. ನಮ್ಮದೇನು ನೋಡ್ತೀಯ, ನ್ಯಾಮತಿ ಕಡೆ ಗೋವಿನಕೋವಿಯಲ್ಲಿ ಒಬ್ಬರು ಹೊಸ ಮನೆ ಕಟ್ಟಿಸಿದ್ದಾರೆ, ನೋಡಾಕೆ ಜನ ಬರ್ತಾರೆ ಎಂದು ಅತ್ತೆ ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋದರು. ಗದ್ದೆ ಬದಿಯಲ್ಲಿ ಹಿಮ ಜಾರುವಂಥ ಚಾವಣಿ, ಅದರ ಮೇಲೊಂದು ಚಿಮಣಿ. ಯಜಮಾನರು ನಮ್ಮನ್ನು ಆದರದಿಂದ ಬರಮಾಡಿಕೊಂಡು, ಡಿಸೈನನ್ನು ಮೊಬೈಲಿನಲ್ಲಿ ಮಗಳು ಆಡುವ ಹ್ಯಾಪಿ ಗಲ್ಲಿ ನೋಡಿ ಆರಿಸಿದ್ದಾಗಿ ತಿಳಿಸಿದರು. ಚಿಮಣಿಯ ಕೆಳಗೆ ಒಲೆ ಕಾಣುತ್ತಿಲ್ಲವಲ್ಲ ಎಂದು ನಾನು ಕೇಳಿದ್ದಕ್ಕೆ, ಒಲೆ ಹಿತ್ತಲ ಕಡೆ ಐತಮ್ಮ, ಇದು ಬರೇ ಚೆಂದಕ್ಕೆ, ಪಾರಿವಾಳ ಇಳೀತವೆ ಎಂದರು. ತಮ್ಮಿಂದ ತಪ್ಪಿಸಿಕೊಂಡು ಮೂರು ತಾಲ್ಲೂಕು ದಾಟಿ ಹೋದರೂ ತಾವು ನನಗಿಂತ ಮೊದಲೇ ಅಲ್ಲಿಗೆ ಬಂದು ಇಟ್ಟಿಗೆ ಸಿಮೆಂಟಿನಲ್ಲಿ ಕೂತಿದ್ದಿರಿ. ತಮ್ಮ ವ್ಯಾಪ್ತಿಗೆ ಮತ್ತೊಮ್ಮೆ ವಂದನೆ.

ಕೊನೆಗೆ ಭಾನುವಾರ ನಮ್ಮೂರಿಗೇ ಹೋದೆ. ನಮ್ಮ ಅಜ್ಜಿ ಕರಿಯಕ್ಕ ಕುರಿಗಳಿಗೆ ನೀರು ಕುಡಿಸಿ ಬಂದು, ನನ್ನ ಲ್ಯಾಪ್‌ಟಾಪಿನ ಮುಂದೆ ಕೂತಿತು. ಗೋಣೆಪ್ಪ ವಿಡಿಯೋ ಕಾಲ್‌ನಲ್ಲಿರುವ ಯಾರೋ ನೆಂಟನೆಂದು ತಿಳಿದು ಸೆರಗು ಸರಿಮಾಡಿಕೊಂಡು, ಇವ್ರು ಯಾರ ಕಡೇರು ಎಂದು ಮೆಲ್ಲಗೆ ವಿಚಾರಿಸಿತು. ಆಟ ಎಂದು ನಾನು ಅರ್ಥ ಮಾಡಿಸುವಷ್ಟರಲ್ಲಿ ಅಜ್ಜಿಗೆ ಅವನ ಮೇಲೆ ಕರುಣೆ ಹುಟ್ಟಿಬಿಟ್ಟಿತ್ತು.

“ಮನಿ ಮುಂದೆ ಒಂದು ಕಟ್ಟೆ ಇಲ್ಲ. ಹೋಗೋರು ಬರೋರು ಎಲ್ಲಿ ಕುಂದ್ರಬೇಕು? ಮಾತಾಡ್ಸೋರಿಲ್ದೆ ಅಳಾಕೆ ಹತ್ತೈತೆ ಪಾಪ,” ಎಂದ ಅಜ್ಜಿ ಪರದೆಯ ಹತ್ತಿರ ಬಗ್ಗಿ, “ಒಳಗೆ ಬರಬೇಕಾದ್ರೆ ಹಾಲು ಉಕ್ಸಿದ್ರೇನು?” ಎಂದು ಕೇಳಿತು.

ಉಕ್ಕಿಸಿಲ್ಲ ಎಂದೆ. ಅಜ್ಜಿ ನನ್ನನ್ನು ನೋಡಿದ ನೋಟದಲ್ಲಿ ನನ್ನ ಇಷ್ಟು ವರ್ಷದ ಓದೆಲ್ಲ ಕರಗಿಹೋಯಿತು. ಹೊಸ ಮನೆ ಹೊಕ್ಕವರು ಮೊದಲ ದಿನ ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕಿ ಪಾತ್ರೆಯ ಹೊರಗೆ ಚೆಲ್ಲುವುದನ್ನು ಎಲ್ಲರೂ ನಿಂತು ನೋಡುವುದು ನಮ್ಮ ಕಡೆಯ ಪದ್ಧತಿ. ಹಾಲು ಉಕ್ಕಿದಂತೆ ಮನೆ ತುಂಬಲಿ ಎಂದು. ತಮ್ಮ ಕಡೆ ಇರಲಿಕ್ಕಿಲ್ಲ. ಸೋಮವಾರ ದಿನ ಚೆನ್ನಾಗಿದೆ, ಅವತ್ತೇ ಉಕ್ಕಿಸು ಎಂದು ಅಜ್ಜಿ ಅಪ್ಪಣೆ ಕೊಡಿಸಿತು. ಸೋಮವಾರವೇ ಜ್ಯೂರಿ.

ಕಟ್ಟೆಯನ್ನು ಮಾತ್ರ ಅಲ್ಲೇ ಕೂತು ಕಟ್ಟಿದೆ, ಗಾಜು ತೆಗೆದು ಗೋಡೆಯನ್ನೂ ಏರಿಸಿದೆ. ತಮ್ಮ ಆಟದ ಅಂಗಡಿಯಲ್ಲಿ ಮೊಸಳೆ ಆಕಾರದ ಸೋಫಾ ಇದೆ, ಚಂದ್ರನ ಆಕಾರದ ಕಮೋಡ್ ಇದೆ, ಕಟ್ಟೆ ಇಲ್ಲ. ಹುಡುಕಿ ಹುಡುಕಿ, ಉದ್ದ ಕಲ್ಲು ಸಿಕ್ಕಿದ್ದು ಈಜುಕೊಳದ ಅಂಚಿಗೆ ಹಾಕುವ ಚಪ್ಪಡಿ. ನೀರಿಲ್ಲದ ಈಜುಕೊಳಕ್ಕೆ ಅಂಚು ಮಾತ್ರ ಕಟ್ಟಿ, ಬಾಗಿಲ ಎಡಬಲಕ್ಕೆ ಜೋಡಿಸಿದೆ. ನೋಡಲು ಥೇಟ್ ನಮ್ಮ ಮನೆಯ ಕಟ್ಟೆಯೇ. ಆದರೆ ಈಜುಕೊಳದ ಹತ್ತಿರ ಬಂದವರ ಬಟ್ಟೆ ತಾನಾಗಿ ಬದಲಾಗುತ್ತದೆ ಎಂಬ ತಮ್ಮ ಆಟದ ಕಾನೂನು ನನಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮ್ಯಾನ್ ಕಟ್ಟೆಯ ಹತ್ತಿರ ಬಂದವನೇ ಯೂನಿಫಾರ್ಮ್ ಮಾಯವಾಗಿ, ಚೀಲ ಮಾತ್ರ ಹೆಗಲ ಮೇಲಿಟ್ಟುಕೊಂಡು ಈಜುಚಡ್ಡಿಯಲ್ಲಿ ಕೂತುಬಿಟ್ಟ. ಅಜ್ಜಿ ಮುಖ ಆ ಕಡೆ ತಿರುಗಿಸಿಕೊಂಡು, “ಕುಂತ್ಕಳ್ಳಿ ಬಿಡು, ಬಿಸ್ಲಾಗೆ ಬಂದೈತೆ” ಎಂದಿತು.

ಸೋಮವಾರ ಜ್ಯೂರಿಗೆ ಸರ್ ಜೊತೆ ಶಿವಮೊಗ್ಗದಿಂದ ಹಿರಿಯ ಮೇಡಂ ಒಬ್ಬರು ಬಂದಿದ್ದರು. ನನ್ನ ಸರದಿ ಬಂದಾಗ ನಾಲ್ವರು ಹಳದಿ, ಗೋಣೆಪ್ಪ ಕೆಂಪು. ಗಾಜಿನ ದಿನಗಳನ್ನು ಅವನಿನ್ನೂ ಮರೆತಿರಲಿಲ್ಲ. ಸರ್, ಇವರಿಗಿನ್ನೂ ಗೃಹಪ್ರವೇಶ ಆಗಿಲ್ಲ, ಅದೊಂದು ಮಾಡಿಬಿಡ್ತೀನಿ ಎಂದು ಪರ್ಮಿಷನ್ ಕೇಳಿ, ಗಿಡ್ಡಮ್ಮನ ಕೈಯಲ್ಲಿ ಒಲೆ ಹಚ್ಚಿಸಿ ಹಾಲಿಡಿಸಿದೆ.

ತಮಗೆ ನಂಬಿಕೆ ಬರಲಿಕ್ಕಿಲ್ಲ. ಹಾಲು ಇಟ್ಟಿದ್ದೇ ತಡ, ಇಡೀ ಕ್ಲಾಸು ಎದ್ದು ನನ್ನ ಪರದೆಯ ಸುತ್ತ ನಿಂತಿತು. ಪಾತ್ರೆಯ ಮೇಲೆ ಬುರುಗು ಏರುತ್ತಿದ್ದಂತೆ ಎಲ್ಲರ ಕುತ್ತಿಗೆಯೂ ಜೊತೆಗೇ ಏರಿತು. ಎಚ್ಚರಿಕೆ ಎಂದು ತಮ್ಮ ಆಟ ಕೆಂಪು ಅಕ್ಷರದಲ್ಲಿ ಹೊಡೆದುಕೊಳ್ಳುತ್ತಿತ್ತು, ಒಲೆ ಆರಿಸು ಎಂದು ಒಬ್ಬರಾದರೂ ಹೇಳಬೇಕಲ್ಲ. ಪ್ರಸನ್ನಕುಮಾರ್ ಸರ್ ಕೈ ಅಡ್ಡ ಹಿಡಿದು, ಯಾರೂ ಏನೂ ಒತ್ತಬ್ಯಾಡ್ರಿ, ಉಕ್ಕಲಿ ಎಂದರು. ಉಕ್ಕಿತು. ಎಲ್ಲರೂ ಚಪ್ಪಾಳೆ ಹೊಡೆದೆವು. ಶಿವಮೊಗ್ಗದ ಮೇಡಂ ಕನ್ನಡಕ ಏರಿಸಿಕೊಂಡು, ಮೂಡಣ ದಿಕ್ಕಿಗೇ ಉಕ್ಕಿತಾ ನೋಡಮ್ಮ ಎಂದರು. ನಾನು ಮ್ಯಾಪ್ ತಿರುಗಿಸಿ ದಿಕ್ಕು ಹುಡುಕುತ್ತಿರುವಾಗಲೇ ಕಿಚನ್ನಿಗೆ ಬೆಂಕಿ ಹತ್ತಿತು. ಆ ಕ್ಷಣದಲ್ಲಿ ತಾವು ಪರದೆಯ ಮೇಲೆ ಅರಳಿ ಕೊಟ್ಟ ಸಲಹೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ: ‘ಅಡುಗೆಮನೆ ಮಂಕಾಗಿದೆಯೇ? ಬೆಚ್ಚನೆಯ ಕಿತ್ತಳೆ ಬಣ್ಣ ಪ್ರಯತ್ನಿಸಿ.’

ಮನೆ ಸುಟ್ಟುಹೋಯಿತು. ಐವರೂ ಹೊರಗೆ ಓಡಿಬಂದರು, ಫೈರ್ ಎಂಜಿನ್ ಬಂತು, ಗಲ್ಲಿಯ ಜನರೆಲ್ಲ ಸೇರಿದರು. ಈಜುಕೊಳದ ಸಾಮಾನಿಗೆ ಬೆಂಕಿ ತಗುಲುವುದಿಲ್ಲವಾದ್ದರಿಂದ ಕಟ್ಟೆ ಮಾತ್ರ ಹಾಗೇ ಉಳಿದಿತ್ತು. ಬೆಂಕಿ ಆರಿಸಿ ದಣಿದ ಸಿಬ್ಬಂದಿ ಅದರ ಮೇಲೆ ಕೂತರು, ಅಕ್ಕಪಕ್ಕದವರು ಕೂತರು, ಗೋಣೆಪ್ಪನ ಸಂಸಾರವೂ ಕೂತಿತು. ಹೆಲ್ಮೆಟ್ಟಿನ ಕೆಳಗೆ ಈಜುಡುಪು ತೊಟ್ಟ ಫೈರ್‌ನವರ ನಡುವೆ ಕೂತು ಗೋಣೆಪ್ಪ ಬಾಯ್ತುಂಬ ಮಾತಾಡತೊಡಗಿದ. ಮೊದಲು ಗಿಡ್ಡಮ್ಮ ಹಸಿರಾದಳು, ಆಮೇಲೆ ಮಕ್ಕಳು, ಕೊನೆಗೆ ಅವನೂ. ಮನೆ ಎಲ್ಲಿದೆಯಮ್ಮ ಎಂದು ಮೇಡಂ ಕೇಳಿದರು. ಬಾತ್‌ರೂಮಿನ ಒಂದು ಗೋಡೆ ಐತೆ ಮೇಡಂ ಎಂದೆ. ಸರ್ ಐವರ ಪಟ್ಟಿಗಳನ್ನೂ ಬೆರಳಿಟ್ಟು ಎಣಿಸಿ, “ಐದೂ ಹಸಿರು ಅದಾವೆ. ಮನೆ ಉಳೀಬೇಕು ಅಂತ ನಾನು ರೂಲ್ಸ್‌ನಾಗೆ ಬರ್ದಿಲ್ಲ” ಎಂದು ಪಾಸ್ ಮಾಡಿದರು.

ಇಲ್ಲಿಗೆ ಮುಗಿದಿದ್ದರೆ ನಾನು ತಮಗೆ ತೊಂದರೆ ಕೊಡುತ್ತಿರಲಿಲ್ಲ. ಆದರೆ ಅಪ್‌ಡೇಟ್ ಆದ ಮರುದಿನ ಸುನೀತಾ ತಮ್ಮನ್ನು ಒತ್ತಿದಾಗ, ತಾವು ಅವಳಿಗೆ ತೋರಿಸಿದ್ದು ನನ್ನ ಸುಟ್ಟ ಮನೆ. ಅದೇ ಕಟ್ಟೆ, ಅದೇ ಬಾತ್‌ರೂಮಿನ ಗೋಡೆ, ಕೆಳಗೆ ‘ಚಾರ್ಕೋಲ್ ಮಿನಿಮಲಿಸಂ, ನಮ್ಮ ವಿನ್ಯಾಸ ತಂಡದಿಂದ’ ಎಂಬ ಹೆಸರು. ನನ್ನಂಥವಳ ಮಸಿಯನ್ನೂ ಕಸಕ್ಕೆ ಹಾಕದೆ ಜೋಪಾನ ಮಾಡಿದ ತಮ್ಮ ದೊಡ್ಡಗುಣವನ್ನು ನೆನೆದು ಕಣ್ಣು ತುಂಬಿತು. ಕಣ್ಣು ಒರೆಸಿಕೊಳ್ಳುವ ಮೊದಲೇ ಕಾಲೇಜಿನಲ್ಲಿ ಕಾಪಿ ಹಿಡಿಯುವ ಸಾಫ್ಟ್‌ವೇರ್ ನನ್ನ ಸಬ್ಮಿಷನ್ ಓದಿ, ಇದು ಇನ್ಸ್‌ಪಿರೇಷನ್ ಬಟನ್‌ನಿಂದ ಕದ್ದಿದ್ದು ಎಂದು ವರದಿ ಕೊಟ್ಟಿತು. ನನ್ನ ರಿಸಲ್ಟ್ ತಡೆಹಿಡಿಯಲಾಗಿದೆ. ಸರ್ ಆಫೀಸಿಗೆ ಹೋಗಿ, ಹಾಲು ಉಕ್ಕುವಾಗ ಖುದ್ದು ಎದುರಿಗೇ ನಿಂತಿದ್ದಾಗಿ ಹೇಳಿ ನೋಡಿದರು. ಸಾಫ್ಟ್‌ವೇರಿಗೆ ಸಾಕ್ಷಿ ಕೇಳುವ ಪದ್ಧತಿ ಇಲ್ಲವಂತೆ, ಕಂಪನಿಯಿಂದಲೇ ಏನಾದರೂ ಬರಬೇಕಂತೆ. ಹಾಸ್ಟೆಲ್ ಸೀಟಿನ ಪಟ್ಟಿ ಶುಕ್ರವಾರ ಹಾಕುತ್ತಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು. ನಾನು ತಮ್ಮಿಂದ ಕದ್ದಿಲ್ಲ, ತಾವೇ ನನ್ನಿಂದ ಸ್ಫೂರ್ತಿ ಪಡೆದಿರಿ ಎಂದು ದಯವಿಟ್ಟು ಒಂದು ಸಾಲು ಬರೆದುಕೊಡಿ. ಬರೆಯಲು ಕೈಯಿಲ್ಲದಿದ್ದರೆ ಗುರುವಾರ ಖುದ್ದಾಗಿ ದಾವಣಗೆರೆಗೆ ಬಂದು ಆಫೀಸಿನ ಮುಂದೆ ಒಮ್ಮೆ ಮಿಣುಕಿದರೂ ಸಾಕು, ಬಸ್‌ಸ್ಟ್ಯಾಂಡಿಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಚಿತ್ರದ ಕೆಳಗೆ ವಿನ್ಯಾಸ ತಂಡದ ಜೊತೆ ಕರಿಯಕ್ಕ ಎಂದು ಸೇರಿಸಿ. ಅಂಗಡಿಯಲ್ಲಿ ಬಟ್ಟೆ ಕಳಚದ ಕಟ್ಟೆಯನ್ನೂ, ಉಕ್ಕಿದರೆ ಬೆಂಕಿ ಹತ್ತದ ಹಾಲನ್ನೂ ಇಡಿ. ಮತ್ತು ಯಾರಾದರೂ ಮನೆ ಸುಡುವಾಗ, ಬಣ್ಣದ ಬಗ್ಗೆ ಮಾತಾಡುವ ಮುನ್ನ, ಒಂದು ಗಳಿಗೆ ಸುಮ್ಮನಿರುವ ಅಭ್ಯಾಸ ಮಾಡಿಕೊಳ್ಳಿ.

ತಮ್ಮ ಮಿಣುಕಿನಲ್ಲೇ ಕಣ್ಣು ನೆಟ್ಟಿರುವ,
ತಮ್ಮ ವಿಶ್ವಾಸಿ,
ಗಂಗೋತ್ರಿ
ಪ್ರಥಮ ವರ್ಷ (ಸದ್ಯಕ್ಕೆ)

ಮರೆತ ಮಾತು: ಪತ್ರ ಬರೆದು ಮುಗಿಸಿ ಕೊನೆಯದಾಗಿ ತಮ್ಮನ್ನು ಒತ್ತಿ, ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಸುಟ್ಟ ಒಲೆಯ ಮೇಲೆ ನಮ್ಮ ಹಾಲಿನ ಪಾತ್ರೆ ಕರ್ರಗೆ ಹಾಗೇ ಕೂತಿತ್ತು. ಅದರ ಪಕ್ಕದಲ್ಲಿ ತಮ್ಮ ತಂಡ ಬರೆದಿತ್ತು: ‘ಕಪ್ಪು ಹೂದಾನಿ. ನೀರಿಲ್ಲದೆ ಒಣ ಹೂ ಇಡಿ.’ ಸರ್‌ಗೆ ತೋರಿಸಿದೆ, ಅವರು ಅದನ್ನು ಪ್ರಿಂಟ್ ತೆಗೆಸಿ ಆಫೀಸಿಗೆ ಒಯ್ದರು. ಪ್ರಿನ್ಸಿಪಾಲ್ ಮೇಡಂ ನನ್ನನ್ನು ಕರೆಸಿ, ಇದೇನಮ್ಮ ಎಂದು ಪಾತ್ರೆಯ ಮೇಲೆ ಬೆರಳಿಟ್ಟು ಕೇಳಿದರು, ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, “ಹಾಲು ಉಕ್ಕಿಸಿದ ಪಾತ್ರೇಲಿ ಒಣ ಹೂ ಇಡ್ರಿ ಅನ್ನೋರು ಈ ಮನೆ ಕಟ್ಟಿರಾಕೆ ಸಾಧ್ಯಾನೇ ಇಲ್ಲ” ಎಂದು ಅಲ್ಲೇ ರಿಸಲ್ಟ್ ಬಿಟ್ಟರು. ಹೀಗಾಗಿ ತಾವು ದಾವಣಗೆರೆಯವರೆಗೆ ಬರುವ ಶ್ರಮ ತಪ್ಪಿತು. ಏನೂ ಗೊತ್ತಿಲ್ಲದೆಯೇ ಇಷ್ಟು ಚೆನ್ನಾಗಿ ಸಾಕ್ಷಿ ಹೇಳಿದ್ದೀರಿ, ಗೊತ್ತಿದ್ದಿದ್ದರೆ ನನ್ನ ಸೀಟು ಹೋಗುತ್ತಿತ್ತು.