ಸ್ವರಬ್ರಹ್ಮನ ಗಡೀಪಾರು

"ಇವತ್ತು ಸಂಜೆಯೊಳಗೆ ಆ ಗುಂಪಿನಲ್ಲಿ ಧಾರಾವಾಹಿಯ ವಾಸನೆಯೂ ಉಳಿಯಬಾರದು" ಎಂದು ಸ್ವರಬ್ರಹ್ಮ ಘೋರ ಶಪಥ ಮಾಡಿದ. ಮಾಡಿದ್ದು ಬಚ್ಚಲುಮನೆಯಲ್ಲಿ, ಬಾಯಿ ತುಂಬ ಟೂತ್‌ಪೇಸ್ಟಿನ ನೊರೆ ಇಟ್ಟುಕೊಂಡು. ಹಾಗಾಗಿ ಶಪಥದ ಗಾಂಭೀರ್ಯ ಹೊರಗಿನವರಿಗೆ ಮುಟ್ಟಲಿಲ್ಲ.

"ಏನ್ರೀ, ನಲ್ಲೀಲಿ ನೀರು ನಿಂತೋಯ್ತಾ?" ಎಂದು ಹೆಂಡತಿ ಅಡುಗೆಮನೆಯಿಂದಲೇ ಕೂಗಿ ಕೇಳಿದಳು.

ಸ್ವರಬ್ರಹ್ಮ ಅಂದ ಕೂಡಲೇ ಯಾರೋ ಮಹಾ ಗಾಯಕನಿರಬೇಕೆಂದು ಯಾರೂ ಎದ್ದು ನಿಲ್ಲಬೇಕಾಗಿಲ್ಲ. ಹಗಲಿನಲ್ಲಿ ಅವನು ಲಿಫ್ಟ್ ಕಂಪನಿಯೊಂದರ ದೂರು ವಿಭಾಗದ ಗುಮಾಸ್ತ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರು ಫೋನ್ ಮಾಡಿ ಅವನ ಜನ್ಮ ಜಾಲಾಡುತ್ತಾರೆ. ಇವನು "ದಯವಿಟ್ಟು ಲೈನಿನಲ್ಲೇ ಇರಿ" ಎಂದು ಅವರ ಕಿವಿಗೆ ಕೊಳಲುವಾದನ ಹಾಕಿ, ಮೆಕ್ಯಾನಿಕ್ ಎಲ್ಲಿ ಸತ್ತ ಎಂದು ಹುಡುಕುತ್ತಾನೆ. ಆ ಕೊಳಲುವಾದನವನ್ನು ಆರಿಸಿದ್ದು ತಾನೇ ಎಂಬ ಹೆಮ್ಮೆ ಅವನಿಗೆ. ಒಮ್ಮೆ ಲಿಫ್ಟಿನಿಂದ ಬಿಡುಗಡೆಯಾದವನೊಬ್ಬ ಬೆವರು ಒರೆಸಿಕೊಳ್ಳುತ್ತ ನೇರವಾಗಿ ಆಫೀಸಿಗೇ ಬಂದ. "ಲಿಫ್ಟ್ ಕೆಟ್ಟಿದ್ದು ಬಿಡಿ, ಸಹಿಸ್ಕೊಂಡೆ. ಆ ಕೊಳಲು ಹಾಕಿದೋನು ಯಾರು ಅಂತ ಸ್ವಲ್ಪ ತೋರಿಸಿ" ಅಂದ. ಆಗ ಸ್ವರಬ್ರಹ್ಮ ಮೇಜಿನಡಿ ನುಗ್ಗಿ, ಬೀಳದೇ ಇದ್ದ ಪೆನ್ನನ್ನು ಹುಡುಕುತ್ತಿದ್ದ.

ಇಂಥವನಿಗೆ ಈ ಭೂಮಿಯ ಮೇಲೆ ಮರ್ಯಾದೆ ಸಿಗುತ್ತಿದ್ದುದು ಒಂದೇ ಕಡೆ. ಅದು ಹಲ್ಲಿನ ಡಾಕ್ಟರೊಬ್ಬರು ಫೋನಿನಲ್ಲಿ ಕಟ್ಟಿದ 'ಹಾಡು ಹೇಳಿ ನೋಡೋಣ' ಎಂಬ ಗುಂಪು. ದಿನಾ ಸಂಜೆ ಯಾರಾದರೊಬ್ಬರು ಒಂದು ಹಾಡಿನ ತುಣುಕನ್ನು ಪದಗಳಿಲ್ಲದೆ ಗುನುಗಿ ಹಾಕಬೇಕು, ಉಳಿದವರು ಅದು ಯಾವುದೆಂದು ಗುರುತಿಸಬೇಕು. ಸ್ವರಬ್ರಹ್ಮ ಬರೀ ಉತ್ತರ ಕೊಟ್ಟು ಸುಮ್ಮನಾಗುವ ಪ್ರಾಣಿಯಲ್ಲ. "ಇಲ್ಲಿ ಪಿಟೀಲು ಅಳುವುದಿಲ್ಲ, ಅಳಲೋ ಬೇಡವೋ ಎಂದು ಚಿಂತಿಸುತ್ತದೆ" ಎಂಬಂಥ ಸಾಲುಗಳನ್ನು ಬರೆದು, ತಾನೇ ಓದಿ, ತಾನೇ ತಲೆದೂಗುತ್ತಿದ್ದ. ಇನ್ನೊಬ್ಬರು ತಪ್ಪು ಉತ್ತರ ಹಾಕಿದರೆ ಮುಗಿಯಿತು, ತಿದ್ದುವವರೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ. ಈ ಉಪದ್ರವ ತಾಳಲಾರದೆ ಡಾಕ್ಟರು ಅವನಿಗೆ 'ಸ್ವರಬ್ರಹ್ಮ' ಎಂಬ ಬಿರುದು ಕೊಟ್ಟು ಕೈತೊಳೆದುಕೊಂಡರು. ಹಲ್ಲು ಕೀಳುವವರು ಕೊಟ್ಟ ಬಿರುದು ಎಂದು ಹೆಂಡತಿ ನಕ್ಕಳು. ಆದರೆ ಅವನಿಗೆ ಆ ಬಿರುದೇ ಪ್ರಾಣ. ಹಗಲೆಲ್ಲ ತಿಂದ ಬೈಗುಳ ಸಂಜೆ ಆ ಒಂದು ಹೆಸರಿನಿಂದ ಅರಗುತ್ತಿತ್ತು.

ಇಂಥ ಪವಿತ್ರ ಕ್ಷೇತ್ರಕ್ಕೆ ವಕ್ಕರಿಸಿದ ಶನಿಯೇ 'ನಾಲ್ಕು ಬಾಗಿಲ ಮನೆ' ಎಂಬ ಧಾರಾವಾಹಿ. ಹಾಡಿನ ತುಣುಕು ಬಿದ್ದ ಮರುಕ್ಷಣವೇ, "ಹಾಡು ಗೊತ್ತಾಗ್ಲಿಲ್ಲ, ಆದ್ರೆ ನಿನ್ನೆ ಅತ್ತೆ ಹಾಲಿಗೆ ಏನೋ ಬೆರೆಸಿದ್ಳು ನೋಡಿದ್ರಾ?" ಎಂದು ಯಾರಾದರೂ ಬಾಯಿ ಹಾಕುತ್ತಿದ್ದರು. ಅಲ್ಲಿಗೆ ಪಿಟೀಲಿನ ಕಥೆ ಮುಗಿದು ಹಾಲಿನ ಕಥೆ ಶುರು. ಈ ಪಟಾಲಮ್ಮಿನ ಮುಖಂಡ ಬೇರೆ ಯಾರೂ ಅಲ್ಲ, ಹೆಂಡತಿಯ ಅಣ್ಣ, ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರು. ನೌಕರಿಯುದ್ದಕ್ಕೂ ಕಳ್ಳರನ್ನು ಅಳಿಸಿದ ಆ ಆಸಾಮಿ ಈಗ ಟೀವಿಯ ಸೊಸೆ ಮೂಗು ಒರೆಸಿಕೊಂಡರೆ ತಾನೂ ಕರವಸ್ತ್ರ ತೆಗೆಯುತ್ತಿದ್ದ.

"ನಾಚಿಕೆ ಆಗ್ಬೇಕು ನಿಮ್ಮಣ್ಣಂಗೆ" ಎಂದು ಸ್ವರಬ್ರಹ್ಮ ಹೆಂಡತಿಯ ಮುಂದೆ ಹರಿಹಾಯ್ದ. "ಬಾಗಿಲು ತೆಗೆಯೋಕೆ ಒಂದು ವಾರ. ಬಾಗಿಲಾಚೆ ಯಾರಿದಾರೆ ಅಂತ ತೋರಿಸೋಕೆ ಇನ್ನೊಂದು ವಾರ. ಮಧ್ಯೆ ಮೂರು ಜನರ ಮುಖ, ಮುಖಕ್ಕೊಂದು ಢಂ. ಇದಕ್ಕೂ ಕಥೆ ಅಂತಾರಾ?"

"ನೋಡದೇ ಇರೋರಿಗೆ ಇಷ್ಟೆಲ್ಲ ಹೇಗ್ರೀ ಗೊತ್ತಾಯ್ತು?"

"ಕಿವಿಗೆ ಬೀಳುತ್ತಲ್ಲ! ನಾನೇನು ಬಿರಡೆ ಹಾಕ್ಕೊಂಡಿರ್ಲಾ?"

ಏಳೂವರೆಗೆ ಸರಿಯಾಗಿ ಗಂಡನಿಗೆ ಬಾಯಾರಿಕೆಯಾಗುವುದನ್ನೂ, ನೀರಿನ ಲೋಟ ಹಿಡಿದು ಸೋಫಾದ ಹಿಂದೆ ನಿಲ್ಲುವುದನ್ನೂ, ಜಾಹೀರಾತು ಬರುವವರೆಗೆ ಆ ಲೋಟದ ನೀರು ಹನಿಯೂ ಕಡಿಮೆಯಾಗದಿರುವುದನ್ನೂ ಹೆಂಡತಿ ತಿಂಗಳುಗಳಿಂದ ನೋಡುತ್ತಲೇ ಇದ್ದಳು.

ಅಂತೂ ಆ ಸಂಜೆ ಆಫೀಸಿನಿಂದ ಬಂದವನು ಬೂಟು ಕೂಡ ಬಿಚ್ಚದೆ ಗುಂಪಿನಲ್ಲಿ ರಾಜಶಾಸನ ಹೊರಡಿಸಿದ: "ಇನ್ನು ಮುಂದೆ ಇಲ್ಲಿ ಧಾರಾವಾಹಿಯ ಮಾತೆತ್ತಿದವರನ್ನು, ಯಾರೇ ಆಗಿರಲಿ, ತಕ್ಷಣ ಹೊರಹಾಕತಕ್ಕದ್ದು. ಒಪ್ಪದಿದ್ದರೆ ನಾನೇ ಹೊರಡುತ್ತೇನೆ." 'ಯಾರೇ ಆಗಿರಲಿ' ಎಂಬುದನ್ನು ದಪ್ಪ ಅಕ್ಷರದಲ್ಲಿ ಮಾಡಿದ. ಅದು ಭಾವನಿಗೆ ನಾಟಲೆಂದು.

ಜಗಳವೆಂದರೆ ಡಾಕ್ಟರಿಗೆ ಭಯ. ಅವರು ಒಪ್ಪಿದರು. ಇನ್‌ಸ್ಪೆಕ್ಟರ್ ಭಾವನೂ, "ಕಾನೂನು ಅಂದ್ಮೇಲೆ ಎಲ್ಲರಿಗೂ ಒಂದೇ. ನನ್ನದೂ ಒಪ್ಪಿಗೆ" ಎಂದು ಬರೆದ. ಪೊಲೀಸಿನವನು ಇಷ್ಟು ಸಲೀಸಾಗಿ ಒಪ್ಪಿದಾಗ ಬುದ್ಧಿಯಿದ್ದವರು ಹುಷಾರಾಗುತ್ತಾರೆ. ಸ್ವರಬ್ರಹ್ಮ ಮಾತ್ರ ಎದೆಯುಬ್ಬಿಸಿದ.

ವಿಜಯೋತ್ಸವಕ್ಕೆ ಆ ದಿನದ ಒಗಟನ್ನು ತಾನೇ ಹಾಕಿದ. ಬೆಳಗಿನಿಂದ ಒಂದು ರಾಗ ತಲೆಯಲ್ಲಿ ಸುತ್ತುತ್ತಿತ್ತು. ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಪೂರ್ತಿ ಗುನುಗಿ ಕಳಿಸಿದ. ಕೆಳಗೆ ಟಿಪ್ಪಣಿ ಬೇರೆ: "ಲೋಕ ಮರೆತ ಮಹಾನ್ ವಾದಕರೊಬ್ಬರ ಅಪರೂಪದ ಧ್ವನಿಮುದ್ರಿಕೆ. ಎಲ್ಲಿ ಕೇಳಿದೆನೋ ನೆನಪಿಲ್ಲ, ಕೇಳಿದ್ದಂತೂ ನಿಜ. ಟೀವಿಯ ಮುಂದೆ ಕಿವಿ ಕೆಡಿಸಿಕೊಂಡವರಿಗೆ ಸಿಗುವಂಥದಲ್ಲ."

ಕೇಳಿದ್ದಾರೆಂಬ ನೀಲಿ ಗುರುತುಗಳು ಒಂದೊಂದಾಗಿ ಬಿದ್ದವು.

ಮೊದಲು ಡಾಕ್ಟರು ಬರೆದರು: "ಉತ್ತರ ಗೊತ್ತಿದೆ. ಆದ್ರೆ ಹೇಳೋ ಹಾಗಿಲ್ಲ."

ಇನ್ನೊಬ್ಬರು: "ನನಗೂ ಗೊತ್ತು. ಹೇಳಿದ್ರೆ ಹೊರಗೆ ಹಾಕ್ತೀರಿ."

ಮತ್ತೊಬ್ಬರು: "ನಮ್ಮನೆ ಮಗುವಿಗೂ ಗೊತ್ತಾಯ್ತು. ಅದರ ಬಾಯಿ ಮುಚ್ಚಿದೀನಿ."

"ನೆಪ ಬೇಡ. ಗೊತ್ತಿಲ್ಲ ಅಂತ ಮರ್ಯಾದೆಯಾಗಿ ಒಪ್ಪಿಕೊಳ್ಳಿ" ಎಂದು ಸ್ವರಬ್ರಹ್ಮ ಗುಡುಗಿದ.

ಆಗ ಇನ್‌ಸ್ಪೆಕ್ಟರ್ ಭಾವ ಮೆಲ್ಲಗೆ ಕೇಳಿದ: "ಸ್ವರಬ್ರಹ್ಮರೇ, ಕೊನೇಲಿ ಮೂರು ಸಲ ಢಂ ಅಂದ್ರಲ್ಲ, ಅದು ಯಾವ ವಾದ್ಯ?"

ಸ್ವರಬ್ರಹ್ಮ ತನ್ನ ಗುನುಗನ್ನು ತಾನೇ ಹಾಕಿ ಕೇಳಿದ. ಢಂ. ಢಂ. ಢಂ. ಒಂದೊಂದು ಢಂಗೂ ಒಂದೊಂದು ಮುಖ ಕಣ್ಣ ಮುಂದೆ ಬಂತು: ಅತ್ತೆ, ಮಾವ, ಹಿರಿ ಸೊಸೆ. ಆದರೂ ಮೀಸೆ ಮಣ್ಣಾಗದ ಹಾಗೆ, "ಅದು ತಾಳವಾದ್ಯ. ನಿಮಗೆ ತಿಳಿಯುವುದಿಲ್ಲ" ಎಂದು ಬರೆದ.

"ಹೋಗ್ಲಿ ಬಿಡಿ" ಅಂದ ಭಾವ. "ಸುಮ್ನೆ ಕೂತಿದ್ದಾಗ ನನ್ನ ಸರ್ವಿಸ್‌ನ ಒಂದು ಹಳೇ ಕೇಸು ನೆನಪಾಯ್ತು. ಅದನ್ನ ಹೇಳಬಹುದು ತಾನೇ? ಒಂದು ದೊಡ್ಡ ಮನೆ. ಅತ್ತೆ ಹಾಲಿಗೆ ವಿಷ ಬೆರೆಸಿದ್ಳು. ಅದನ್ನ ಕುಡಿದೋಳು ಕಿರಿ ಸೊಸೆ."

ಸ್ವರಬ್ರಹ್ಮ ಫೋನನ್ನು ಮೇಜಿನ ಮೇಲಿಟ್ಟ. ಎದ್ದ. ಕಿಟಕಿಯವರೆಗೆ ಹೋದ, ಬಂದ. ಕಿರಿ ಸೊಸೆಯಂತೆ! ಕಣ್ಣೆದುರಿಗೆ ತಪ್ಪು ಉತ್ತರ ಬಿದ್ದಿದೆ, ಅಷ್ಟು ಜನ ಓದಿದ್ದಾರೆ, ಒಬ್ಬರಾದರೂ ತಿದ್ದುತ್ತಿಲ್ಲ. ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಹಿಂಸೆಯಾಯಿತು. ಫೋನ್ ಎತ್ತಿಕೊಂಡವನ ಬೆರಳು ಅವನ ಮಾತು ಕೇಳಲಿಲ್ಲ.

"ಕಿರಿ ಸೊಸೆ ಎಲ್ಲಿ ಕುಡಿದಳು? ಲೋಟ ಅದಲುಬದಲಾಯಿತಲ್ಲ! ಕುಡಿದವಳು ಹಿರಿ ಸೊಸೆಯ ವೇಷದಲ್ಲಿ ಬಂದಿದ್ದ ಅವಳ ಅವಳಿ ತಂಗಿ. ಕಿರಿಯವಳು ಮಂಗಳವಾರದಿಂದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಬಿದ್ದಿದ್ದಾಳೆ. ಸರಿಯಾಗಿ ನೋಡದೆ ಮಾತಾಡಬಾರದು."

ಕಳಿಸಿಯೇಬಿಟ್ಟ.

"ನಾನು ಹೇಳ್ತಾ ಇದ್ದಿದ್ದು ನನ್ನ ಕೇಸು" ಎಂದು ಭಾವ ಬರೆದ. "ಸ್ವರಬ್ರಹ್ಮರು ಯಾವ ಮನೆ ಸುದ್ದಿ ಹೇಳ್ತಿದಾರೆ?"

ಸ್ವರಬ್ರಹ್ಮ ಗಡಿಬಿಡಿಯಿಂದ ಅಳಿಸಲು ಹೊರಟ. ಅಷ್ಟರಲ್ಲಿ ಭಾವ ಅದರ ಚಿತ್ರ ತೆಗೆದು ಗುಂಪಿಗೇ ಹಾಕಿ, "ಸಾಕ್ಷ್ಯನಾಶ ಇನ್ನೊಂದು ಅಪರಾಧ" ಎಂದ. ನಗುವ ಮುಖಗಳು ಧಾರಾಕಾರವಾಗಿ ಸುರಿದವು. ಎಲ್ಲ ನಿಂತ ಮೇಲೆ ಡಾಕ್ಟರು ತಮ್ಮ ಕುರ್ಚಿಯಲ್ಲಿ ಕೂತವರಿಗೆ ಹೇಳುವ ದನಿಯಲ್ಲೇ ಬರೆದರು: "ಯಾರೇ ಆಗಿರಲಿ ಅಂತ ನೀವೇ ಹೇಳಿದ್ರಿ. ಸ್ವಲ್ಪ ನೋವಾಗುತ್ತೆ, ತಡ್ಕೊಳ್ಳಿ."

ನಿಮ್ಮನ್ನು ಗುಂಪಿನಿಂದ ತೆಗೆಯಲಾಗಿದೆ ಎಂದು ಫೋನು ತಿಳಿಸಿತು.

ಅವನಿಗೆ ನಿಜಕ್ಕೂ ಸಂಕಟವಾಯಿತು. ನಾಳೆಯೂ ಲಿಫ್ಟುಗಳು ಕೆಡುತ್ತವೆ, ಜನ ಬೈಯುತ್ತಾರೆ. ಸಂಜೆ ಹೋಗಲು ಜಾಗವಿಲ್ಲ, ಸ್ವರಬ್ರಹ್ಮ ಎಂದು ಕರೆಯುವವರಿಲ್ಲ. ಬೂಟಿನ ಲೇಸು ಬಿಚ್ಚುತ್ತ ಕೂತ.

ಒಳಗಿನಿಂದ ಹೆಂಡತಿ ಕರೆದಳು. "ರೀ, ಶುರುವಾಯ್ತು ಬನ್ನಿ. ಗುಂಪಿನ ಸುದ್ದಿಯೆಲ್ಲ ಅಣ್ಣ ನಂಗೂ ಕಳಿಸಿದಾನೆ. ಇವತ್ತು ನೀರಿನ ಲೋಟ ಬೇಡ. ಕೂತ್ಕೊಂಡೇ ನೋಡಿ."

ಸೋಫಾದ ಮೇಲೆ ಒಣಗಿದ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿದ್ದಳು. ಅವನು ಕೂತ. ಅಷ್ಟರಲ್ಲಿ ಫೋನು ಗುಂಯ್‌ಗುಟ್ಟಿತು. ಯಾರೋ ಅವನನ್ನು 'ನಾಲ್ಕು ಬಾಗಿಲ ಮನೆಯವರು' ಎಂಬ ಹೊಸ ಗುಂಪಿಗೆ ಸೇರಿಸಿದ್ದರು. ನೋಡಿದರೆ ಅದೇ ಡಾಕ್ಟರು, ಅದೇ ಭಾವ, ಅದೇ ಜನ. ಯಜಮಾನಿಕೆ ಮಾತ್ರ ಪಕ್ಕದಲ್ಲಿ ಟವಲ್ ಮಡಚುತ್ತಿದ್ದ ಹೆಂಡತಿಯದು.

"ಬನ್ನಿ ಕಥಾಬ್ರಹ್ಮರೇ" ಎಂದು ಭಾವ ಸ್ವಾಗತಿಸಿದ್ದ. "ಮಂಗಳವಾರದ ಕಂತು ನಿಜವಾಗ್ಲೂ ನಾನು ನೋಡಿಲ್ಲ. ಆಸ್ಪತ್ರೆ ವಿಷಯ ಸ್ವಲ್ಪ ಬಿಡಿಸಿ ಹೇಳಿ."

ಕಥಾಬ್ರಹ್ಮ! ಕುಸಿದಿದ್ದ ಎದೆ ತಾನಾಗಿ ಉಬ್ಬಿತು. ಅವನು ವಿಸ್ತಾರವಾಗಿ ಬರೆಯಲು ಹೊರಟ. ಅದೇ ಹೊತ್ತಿಗೆ ಟೀವಿಯಲ್ಲಿ ಅತ್ತೆ ಬಾಗಿಲ ಬಳಿ ಬಂದಳು, ಹಿನ್ನೆಲೆಯಲ್ಲಿ ಪಿಟೀಲು ಏರಿತು, ಏರಿದ್ದು ಅರ್ಧ ಸ್ವರ ಕೆಳಗೆ ಜಾರಿತು. ಅವನ ಬೆರಳು ತಟಕ್ಕನೆ ನಿಂತು ಬೇರೆಯದನ್ನೇ ಬರೆಯತೊಡಗಿತು: 'ಗಮನಿಸಿದಿರಾ? ಈ ಪಿಟೀಲಿನವನಿಗೆ ಶ್ರುತಿಯೇ…'

ಹೆಂಡತಿ ಅವನ ಕೈ ಹಿಡಿದುಕೊಂಡಳು. "ಮೇಲಿರೋ ನಿಯಮ ಓದಿ ಆಮೇಲೆ ಕಳಿಸಿ."

ಅವನು ಓದಿದ. 'ಇನ್ನು ಮುಂದೆ ಇಲ್ಲಿ ಸಂಗೀತದ ಮಾತೆತ್ತಿದವರನ್ನು, ಯಾರೇ ಆಗಿರಲಿ, ತಕ್ಷಣ ಹೊರಹಾಕತಕ್ಕದ್ದು.'

"ಇಂಥ ದರಿದ್ರ ನಿಯಮ ಯಾರೇ ಬರೆದಿದ್ದು?"

"ನೀವೇ" ಎಂದಳು ಹೆಂಡತಿ, ಟೀವಿಯಿಂದ ಕಣ್ಣು ತೆಗೆಯದೆ. "ನಾನು ಒಂದು ಪದ ಬದಲಾಯಿಸ್ದೆ, ಅಷ್ಟೇ."