ಮೂರನೇ ಸಾಲಿನ ಸೊಟ್ಟ

ಚಾಕಣದ ಕಾರ್ಖಾನೆಯಲ್ಲಿ ತಪ್ಪು ಹುಡುಕಿ ಹುಡುಕಿಯೇ ತಲೆ ನರೆಸಿಕೊಂಡವರು ದೇವದಾನರು. ಅವರ ಕಣ್ಣು ತಪ್ಪಿಸಿ ಒಂದು ಸೊಟ್ಟ ಬೋಲ್ಟೂ ಹೊರಗೆ ಹೋದದ್ದಿಲ್ಲ! ನಿವೃತ್ತರಾಗಿ ವಾಕಡದ ಮನೆಯಲ್ಲಿ ಕೂತ ಮೇಲೆ ಆ ಕಣ್ಣಿಗೆ ಕೆಲಸವಿರಲಿಲ್ಲ. ಶನಿವಾರ ಬೆಳಿಗ್ಗೆ ಸಿಕ್ಕಿತು: ಹೆಂಡತಿ ಮರ್ಸಿ ಹೆಣೆಯುತ್ತಿದ್ದ ಕ್ರೋಶಾ ಶಾಲು.

ಚರ್ಚಿನ ಹಿರಿಯಳು ಸುಗಂಧವ್ವನಿಗೆಂದು ಹೆಣೆಯುತ್ತಿದ್ದ ಶಾಲದು. ಸೋಮವಾರ ಆ ಮುದುಕಿಗೆ ಹೃದಯದ ಆಪರೇಶನ್. ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನಲ್ಲೇ ಹೊದಿಸುವುದೆಂದು ಮಾತಾಗಿತ್ತು. ಹುಬ್ಬಳ್ಳಿಯ ತಂಗಿ ತೀರಿಕೊಂಡಾಗಿನಿಂದ ಮರ್ಸಿ ದೇವರ ಜೊತೆ ಮಾತು ಬಿಟ್ಟಿದ್ದಳು. ಕ್ರೋಶಾ ಕಡ್ಡಿ ಕೈಗೆ ಬಂದ ಮೇಲೆ ರಾಜಿಯಾಗಿತ್ತು. ಮನೆಯಲ್ಲಿ ಮತ್ತೆ ಕೀರ್ತನೆಯ ಗುನುಗು! ಹೆಣೆಯುವಾಗ ತುಟಿಯೂ ಅಲ್ಲಾಡುತ್ತಿತ್ತು. ಹೆಣಿಗೆ ಎಣಿಸುತ್ತಾಳೆಂದು ದೇವದಾನರ ತೀರ್ಮಾನ.

ಮರ್ಸಿ ಭಾಜಿ ತರಲು ಇಳಿದದ್ದೇ ತಡ, ಶಾಲು ಮೇಜಿನ ಮೇಲೆ ಹರಡಿತು, ಸ್ಟೀಲ್ ಪಟ್ಟಿ ಬಂತು. ಕೆಳಗಿನಿಂದ ಮೂರನೇ ಸಾಲು ಸೊಟ್ಟ!

"ದೇವರ ಮನಿಗೆ ರಿಜೆಕ್ಟ್ ಮಾಲು? ನಾ ಇರೂತನಾ ಸಾಧ್ಯ ಇಲ್ಲ!"

ಅಲ್ಲಿಯವರೆಗೆ ಬಿಚ್ಚುವುದು, ಸಾಲು ನೆಟ್ಟಗೆ ಮಾಡುವುದು, ಹೆಂಡತಿಯಿಂದ ಶಭಾಷ್ ಪಡೆಯುವುದು. ತುದಿ ಎಳೆದರು. ಉಲ್ಲನ್ ಸರಸರ ಬಂತು, ಚಪ್ಪಲಿಗೆ ಸುತ್ತಿತು, ಕುರ್ಚಿಯ ಕಾಲು ಹಿಡಿಯಿತು. ಆಗ ಹೊಳೆಯಿತು ನೋಡಿ ಎಂಜಿನಿಯರಿಂಗ್ ಬುದ್ಧಿ! ಡ್ರಿಲ್ ಮಷೀನಿನ ಮೂತಿಗೆ ಪೆನ್ಸಿಲ್ ಸಿಕ್ಕಿಸಿ, ಅದಕ್ಕೆ ದಾರ ಕಟ್ಟಿ, ಗುಂಡಿ ಒತ್ತಿದರು.

ಗರ್‍ರ್! ಶಾಲು ಮೇಜಿನ ಮೇಲೆ ಕುಣಿಯಿತು, ಜಿಗಿಯಿತು; ಇವರು ಗುಂಡಿ ಬಿಡುವಷ್ಟರಲ್ಲಿ ಮೂರನೇ ಸಾಲನ್ನೂ ದಾಟಿ ಪರಲೋಕ ಸೇರಿತು.

ಬಾಗಿಲಲ್ಲಿ ಮರ್ಸಿ.

"ಶಾಲ ಎಲ್ಲದ್ರೀ?"

ದೇವದಾನರು ಡ್ರಿಲ್ಲಿನತ್ತ ಬೆರಳು ಮಾಡಿದರು. "ಒಂದ ಸಾಲು ಸೊಟ್ಟ ಇತ್ತು... ಸರಿ ಮಾಡ್ಲಿಕ್ಕೆ ಹೋದೆ."

ಹೆಸರಿಗೇನೋ ಮರ್ಸಿ, ಮುಖದಲ್ಲಿ ಕರುಣೆಯ ಸುಳಿವಿರಲಿಲ್ಲ.

"ಬೈದುಬಿಡು ಮಾರಾಯ್ತಿ."

"ಕೂಡ್ರಿ. ಎರಡೂ ಕೈ ಎತ್ರಿ."

ಗಂಟು ಬಿಡಿಸಿ ಬಿಡಿಸಿ ದಾರವನ್ನು ಅವರ ಕೈಗೆ ಸುತ್ತತೊಡಗಿದಳು. "ಚರ್ಚಿನ್ಯಾಗ ಎಲ್ಲಾರೂ ಕೈ ಎತ್ತಿ ಸ್ತುತಿ ಮಾಡಿದ್ರ ನಿಮ್ಮ ಕೈ ಕಿಸೆದಾಗ ಇರ್ತಿದ್ವು. ಇವತ್ತರ ಎತ್ತಿದ್ರಿ, ಪುಣ್ಯಾ ಬಂತು!"

ಮತ್ತೆ ಕೀರ್ತನೆಯ ಗುನುಗು ಏಳಲಿಲ್ಲ. ತಾನು ಬಿಚ್ಚಿದ್ದು ಬರೀ ಉಲ್ಲನ್ ಅಲ್ಲ ಎಂದು ದೇವದಾನರಿಗೆ ಅನ್ನಿಸಿತು.

ಮರ್ಸಿ ಮೊದಲಿನಿಂದ ಶುರು ಮಾಡಿದಳು. ತುಟಿ ಅಲ್ಲಾಡಿತು. ಈ ಸಲ ಹತ್ತಿರವೇ ಕೂತಿದ್ದರಿಂದ ಕೇಳಿಸಿತು. ಎಣಿಕೆಯಲ್ಲ, ಹೆಸರು!

"ಸಾಲಿಗೊಬ್ಬರನ್ನ ದೇವರ ಕೈಗೆ ಒಪ್ಪಸ್ತೀನ್ರಿ. ಮೊದಲನೇದು ಸುಗಂಧವ್ವ. ಎರಡನೇದು ತೀರಿಹೋದ ತಂಗಿ ಮಕ್ಕಳು."

ದೇವದಾನರು ಮುಂದೆ ಬಾಗಿದರು. "ಮತ್ತ... ಮೂರನೇದು?"

"ಇನ್ಯಾರು? ನೀವು! ನಿಮ್ಮ ಹೆಸರು ಬಂದ್ರ ಪ್ರಾರ್ಥನಿ ಅರ್ಧಕ್ಕ ತಕರಾರು ಆಗತದ. ಕೈ ಬಿಗೀತದ, ಸಾಲು ಸೊಟ್ಟ ಬೀಳತದ."

ಆರಾಧನೆಯ ಹೊತ್ತಿಗೆ ಶಾಲು ಮುಗಿಯಲಿಲ್ಲ, ಮಫ್ಲರ್ ಆಯಿತು. ಹೆಗಲು ಮುಚ್ಚಬೇಕಿದ್ದದ್ದು ಸುಗಂಧವ್ವನ ಕುತ್ತಿಗೆಗಷ್ಟೇ ಸಾಕಾಯಿತು. ದೇವದಾನರು ತಲೆ ಎತ್ತಲಿಲ್ಲ.

ಮುದುಕಿ ಮಾತ್ರ ಮಫ್ಲರ್ ಸವರಿ ಸವರಿ ನಕ್ಕಳು. "ಭಾಳ ಚಂದ ಅದವ್ವಾ ಮರ್ಸಿ. ಇದೊಂದ ಸಾಲು ನೋಡು, ಸೊಟ್ಟ ಕೂತದ. ತುಸು ಎಳದ್ರ ಸರಿ ಆದೀತೇನ..."

"ಎಳೀಬ್ಯಾಡ ಯವ್ವಾ!" ಇಡೀ ಚರ್ಚು ತಿರುಗಿ ನೋಡುವಂತೆ ಚೀರಿದರು ದೇವದಾನರು. "ಅದು ನಾನು!"